ಹಾಡಿನ ಹಾದಿ, ಕಚೇರಿಯ ಹಾದಿ: ಅರಬೈಲ್ ಸೀಮೆಯಲ್ಲಿ ಇಂಗ್ಲಿಷ್ ಕಲಿಕೆಯ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದಿಂದ ಪಡುವಣಕ್ಕೆ ಸಾಗುವ ಹೆದ್ದಾರಿಯು ಅರಬೈಲಿನ ಬಳಿ ಘಟ್ಟದ ಅಂಚನ್ನು ಮುಟ್ಟಿ, ಅಲ್ಲಿಂದ ತಿರುವುಗಳಲ್ಲಿ ಅಂಕೋಲೆಯ ಕಡೆಗೆ ಇಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಬಯಲನ್ನು ಅರಬ್ಬೀ ಸಮುದ್ರದ ಕರಾವಳಿಗೆ ಜೋಡಿಸುವ ಈ ಘಟ್ಟವು ಸರಕು ಸಾಗಣೆಯ ದಾರಿ ಮಾತ್ರವಲ್ಲ, ಭಾಷೆಗಳ ದಾರಿಯೂ ಹೌದು. ಘಟ್ಟದ ಮೇಲಿನ ಅಡಿಕೆ ತೋಟಗಳ ಅಂಚಿನ ಮನೆಗಳಲ್ಲಿ ಹವ್ಯಕ ಕನ್ನಡ, ಕಾಡಿನ ನಡುವಿನ ಸಿದ್ದಿಯರ ಕೇರಿಗಳಲ್ಲಿ ಕೊಂಕಣಿ, ಗೌಳಿಗರ ದಡ್ಡಿಗಳಲ್ಲಿ ಮರಾಠಿಯ ಒಂದು ಪ್ರಭೇದ, ಘಟ್ಟದ ಕೆಳಗೆ ಹಾಲಕ್ಕಿ ಒಕ್ಕಲಿಗರ ಕನ್ನಡ ಕೇಳಿಬರುತ್ತವೆ. ಈ ಸೀಮೆಯ ಬಹಳಷ್ಟು ಮಕ್ಕಳಿಗೆ ಶಾಲೆಯ ಗ್ರಾಂಥಿಕ ಕನ್ನಡವೇ ಎರಡನೆಯ ನುಡಿ. ಇಂಗ್ಲಿಷ್ ಅವರಿಗೆ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ.

ಹೀಗೆ ಹಲವು ನುಡಿಗಳ ನಡುವೆ ಬೆಳೆಯುವ ಮಗುವಿಗೆ ಮತ್ತೊಂದು ನುಡಿ ಕಷ್ಟವಾಗಬೇಕಾದ ಕಾರಣವಿಲ್ಲ. ಸಂತೆಗೆ ಹೋಗುವಷ್ಟರಲ್ಲಿ ಎರಡು ಭಾಷೆಗಳನ್ನು ಬದಲಿಸಬಲ್ಲ ಜನರಿಗೆ ಇಂಗ್ಲಿಷ್ ಮಾತ್ರ ಏಕೆ ಭಯದ ವಸ್ತುವಾಯಿತು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಮಕ್ಕಳ ಬುದ್ಧಿಶಕ್ತಿಯಲ್ಲಿ ಹುಡುಕದೆ, ಆ ಭಾಷೆ ಇಲ್ಲಿಗೆ ಬಂದ ಹಾದಿಯಲ್ಲಿ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಕಚೇರಿಯ ಹಾದಿ

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದ್ರಾಸ್ ಪ್ರಾಂತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಮೆರಿಕದ ಅಂತರ್ಯುದ್ಧದಿಂದ (1861-65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವವುಂಟಾಗಿದ್ದ ಕಾಲವದು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಹಡಗೇರಿಸುವ ಆಸೆ ಈ ಬದಲಾವಣೆಯ ಹಿಂದೆ ಕೆಲಸ ಮಾಡಿತ್ತು. ಘಟ್ಟದ ರಸ್ತೆಗಳೊಂದಿಗೆ ಅರಣ್ಯ ಇಲಾಖೆಯ ಆಡಳಿತವೂ ಬಲಗೊಂಡಿತು.

ಈ ಸೀಮೆಯ ಸಾಮಾನ್ಯ ಜನರ ನಾಲಗೆಗೆ ಹತ್ತಿದ ಮೊದಲ ಇಂಗ್ಲಿಷ್ ಶಬ್ದಸಂಪತ್ತು ಈ ಆಡಳಿತದ್ದು. ರೇಂಜು, ಗಾರ್ಡು, ಡಿಪೋ, ಪಾಸು, ಪರ್ಮಿಟ್ಟು, ಕಲೆಕ್ಟರು, ಕೋರ್ಟು, ನೋಟೀಸು, ಲಾಕಪ್ಪು: ಇವು ಶಾಲೆಗೆ ಹೋಗದವರ ಬಾಯಲ್ಲೂ ಕನ್ನಡ ಶಬ್ದಗಳೇ ಆಗಿ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದೂ ಮನೆಯ, ಊಟದ, ಆಟದ ಶಬ್ದವಲ್ಲ ಎಂಬುದು ಗಮನಾರ್ಹ. ಒಂದೋ ಅಪ್ಪಣೆ, ಇಲ್ಲವೇ ನಿಷೇಧ. ತೋಟಕ್ಕೆ ಸೊಪ್ಪು ತರುವ ಬೆಟ್ಟದ ಹಕ್ಕು, ಸೌದೆಯ ಹೊರೆ, ಕುಮರಿ ಬೇಸಾಯ ಇವೆಲ್ಲ ಆ ಶಬ್ದಗಳ ಅಧೀನಕ್ಕೆ ಬಂದವು. ಇಂಗ್ಲಿಷ್ ಎಂದರೆ ಮೇಲಿನಿಂದ ಕೆಳಕ್ಕೆ ಬರುವ, ಮರುಮಾತಿಗೆ ಅವಕಾಶವಿಲ್ಲದ ಭಾಷೆ ಎಂಬ ಭಾವನೆ ಈ ಅನುಭವದಿಂದ ಬೇರೂರಿದೆ. ಶಾಲೆಗಳಲ್ಲಿ ಇಂಗ್ಲಿಷ್ ಬಂದ ಮೇಲೂ ವ್ಯಾಕರಣ, ಕಾಗುಣಿತ, ಬಾಯಿಪಾಠ, ಪರೀಕ್ಷೆಗಳೆಂಬ ಕ್ರಮದಲ್ಲಿ ಅದೇ ಸಂಬಂಧ ಮುಂದುವರಿಯಿತು. ಓದಬಲ್ಲ, ಬರೆಯಬಲ್ಲ, ಆದರೆ ಎದುರಿಗೆ ನಿಂತವರೊಡನೆ ಎರಡು ಮಾತಾಡಲಾರದ ವಿದ್ಯಾರ್ಥಿ ಈ ಕ್ರಮದ ಫಲ.

ಎದುರು ದಿಕ್ಕಿನ ಪಯಣ

ಇದೇ ಕಾಲದಲ್ಲಿ ಕನ್ನಡವನ್ನು ಕಲಿಯಲು ಬಂದ ಪರದೇಶಿಯರು ಹಿಡಿದ ಹಾದಿ ಬೇರೆಯದಾಗಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗ್ ಹರಿದಾಸರ ಕೀರ್ತನೆಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದನು. ಫರ್ಡಿನೆಂಡ್ ಕಿಟ್ಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೊಸೆದು 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದನು. 1894ರಲ್ಲಿ ಪ್ರಕಟವಾದ ಅವನ ನಿಘಂಟಿನಲ್ಲಿ ಶಾಸ್ತ್ರಗ್ರಂಥಗಳ ಶಬ್ದಗಳ ಜತೆಗೆ ಜನರ ಗಾದೆಗಳೂ ಸ್ಥಾನ ಪಡೆದವು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಶಾಸನಗಳೊಂದಿಗೆ ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿ 1880ರ ದಶಕದಲ್ಲಿ ಪ್ರಕಟಿಸಿದನು.

ಇವರ ಉದ್ದೇಶಗಳು ಮತಪ್ರಚಾರವೋ ಆಡಳಿತವೋ ಆಗಿದ್ದಿರಬಹುದು. ಆದರೆ ಒಂದು ಜನಾಂಗದ ಭಾಷೆಯ ಒಳಗನ್ನು ಹೊಗಬೇಕಾದರೆ ಅದರ ಹಾಡು, ಗಾದೆ, ಕಥೆಗಳ ಬಾಗಿಲನ್ನೇ ತಟ್ಟಬೇಕೆಂಬುದನ್ನು ಅವರು ಅರಿತಿದ್ದರು. ಇಪ್ಪತ್ತನೆಯ ಶತಮಾನದಲ್ಲಿಯೂ ಇದಕ್ಕೆ ನಿದರ್ಶನವಿದೆ. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಗೆ ಬಂದು, ಹಿರಿಯಡಕ ಗೋಪಾಲರಾಯರಂಥ ಗುರುಗಳಿಂದ ಯಕ್ಷಗಾನವನ್ನು ಕಲಿತು, ಸಹಲೇಖಕರೊಡನೆ 1977ರಲ್ಲಿ ಆ ಕಲೆಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಹೊರಗಿನವರು ಹಾಡಿನ ಹಾದಿಯಲ್ಲಿ ಕನ್ನಡಕ್ಕೆ ಬಂದರು. ಘಟ್ಟದ ಕನ್ನಡಿಗನು ಕಚೇರಿಯ ಹಾದಿಯಲ್ಲಿ ಇಂಗ್ಲಿಷಿಗೆ ಹೋಗಬೇಕಾಯಿತು. ಇಲ್ಲಿನ ಭಾಷಾಕಲಿಕೆಯ ಚರಿತ್ರೆಯ ವಿಪರ್ಯಾಸವಿದು.

ಆದರೂ ಕನ್ನಡದ ಕೆಲವು ಲೇಖಕರು ಮತ್ತೊಂದು ಸಾಧ್ಯತೆಯನ್ನು ತೋರಿಸಿದರು. ಶಾಲಾ ಅಧ್ಯಾಪಕರೂ ಇನ್‌ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು (1874-1937) ಇಂಗ್ಲಿಷ್ ಶಿಶುಗೀತಗಳ ಲಯವನ್ನು ಕನ್ನಡದ ಮಕ್ಕಳ ನಾಲಗೆಗೆ ಒಗ್ಗಿಸಿದರು. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ಇಂಗ್ಲಿಷಿನಿಂದ ಗೀತವೊಂದು ಬಂದಾಗ ಕನ್ನಡವು ಅದಕ್ಕೆ ಅಂಜಲಿಲ್ಲ, ಬದಲಾಗಿ ಅದನ್ನು ತನ್ನದಾಗಿಸಿಕೊಂಡಿತು.

ಪದ ಮತ್ತು ಅರ್ಥ

ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲೂಕುಗಳ ಜನಜೀವನದಲ್ಲಿ ಭಾಷಾಶಿಕ್ಷಣದ ಒಂದು ಪ್ರಬಲ ಸಂಸ್ಥೆ ಬಹುಕಾಲದಿಂದ ಇದೆ. ಅದು ಯಕ್ಷಗಾನ ಮತ್ತು ತಾಳಮದ್ದಳೆ. ತಾಳಮದ್ದಳೆಯ ರಚನೆಯನ್ನು ಭಾಷಾಕಲಿಕೆಯ ದೃಷ್ಟಿಯಿಂದ ಪರಿಶೀಲಿಸಬೇಕು. ಭಾಗವತನು ಹಾಡುವ ಪದ್ಯ ನಿಶ್ಚಿತ. ಅದು ಪ್ರಸಂಗ ಪುಸ್ತಕದಲ್ಲಿದೆ. ಅರ್ಥಧಾರಿಯು ಅದಕ್ಕೆ ಹೇಳುವ ಅರ್ಥ ಅನಿಶ್ಚಿತ. ಅದು ಆ ಕ್ಷಣದಲ್ಲಿ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ಪದ್ಯದಿಂದ ಶಬ್ದ ಮತ್ತು ಧಾಟಿ ಬಾಯಿಗೆ ಬರುತ್ತವೆ, ಅರ್ಥದಿಂದ ಸಂಭಾಷಣೆ ಪಳಗುತ್ತದೆ. ಕಲಿಕೆಯ ಈ ಎರಡು ಹಂತಗಳನ್ನು ಒಂದೇ ರಾತ್ರಿಯ ಆಟದಲ್ಲಿ ಬೆಸೆದಿರುವುದು ಈ ಕಲೆಯ ವೈಶಿಷ್ಟ್ಯ. ಹೆಚ್ಚು ಓದದ ಕಲಾವಿದರು ಮನೆಯಲ್ಲಿ ಎಂದೂ ಆಡದ ಶಿಷ್ಟ ಕನ್ನಡದಲ್ಲಿ ಗಂಟೆಗಟ್ಟಲೆ ವಾದಿಸಬಲ್ಲವರಾದದ್ದು ಈ ಶಿಕ್ಷಣದಿಂದ. ಅಂದರೆ ಮನೆಮಾತಲ್ಲದ ಒಂದು ಭಾಷಾರೂಪವನ್ನು ಕಲೆಯ ಮೂಲಕ ಕಲಿಯುವುದು ಇಲ್ಲಿ ಹೊಸ ಸಂಗತಿಯಲ್ಲ.

ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಶಬ್ದ ನುಸುಳುವುದು ದೋಷವೆಂದೇ ಪರಿಗಣಿತ. ಆ ನಿಯಮವನ್ನು ಮುರಿಯದೆ, ಆದರೆ ಆ ಪ್ರಕಾರವನ್ನೇ ಮತ್ತೊಂದು ಭಾಷೆಗೆ ಒಯ್ದ ಪ್ರಯೋಗವೊಂದು ಮಂಗಳೂರಿನಲ್ಲಿ ನಡೆದಿದೆ. ಪಿ.ವಿ. ಐತಾಳರು ಕಟ್ಟಿದ ಇಂಗ್ಲಿಷ್ ಯಕ್ಷಗಾನ ಬಳಗವು ಪೌರಾಣಿಕ ಪ್ರಸಂಗಗಳನ್ನು ಇಂಗ್ಲಿಷ್ ಮಾತುಗಾರಿಕೆಯೊಂದಿಗೆ ರಂಗಕ್ಕೆ ತಂದಿತು. ಕಲಾದೃಷ್ಟಿಯಿಂದ ಇದರ ಬಗ್ಗೆ ಭಿನ್ನಾಭಿಪ್ರಾಯ ಸಾಧ್ಯ. ಭಾಷಾಕಲಿಕೆಯ ದೃಷ್ಟಿಯಿಂದ ಮಾತ್ರ ಇದರ ಮಹತ್ವ ನಿರ್ವಿವಾದ. ಕಿರೀಟ ಕಟ್ಟಿ ರಂಗದಲ್ಲಿ ನಿಂತವನು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳುವವನಲ್ಲ, ಅಪ್ಪಣೆ ಕೊಡುವವನು. ಕಚೇರಿಯ ಹಾದಿಯಲ್ಲಿ ಬಂದ ಭಾಷೆಯ ಭಯ ವೇಷದ ಮರೆಯಲ್ಲಿ ಕರಗುತ್ತದೆ.

ಯಲ್ಲಾಪುರ ತಾಲೂಕಿನದೇ ಆದ ಇನ್ನೊಂದು ಘಟನೆ ಇಲ್ಲಿ ಉಲ್ಲೇಖಾರ್ಹ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ಆಶ್ರಯದಲ್ಲಿ 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚಿಕೇರಿ ಪರಿಸರದ ಸಿದ್ದಿಯರಿಂದ ನಾಟಕವನ್ನಾಡಿಸಿದರು. ನೈಜೀರಿಯದ ಚಿನುವ ಅಚಿಬೆ ಇಂಗ್ಲಿಷಿನಲ್ಲಿ ಬರೆದ, 1958ರಲ್ಲಿ ಪ್ರಕಟವಾದ ಪ್ರಸಿದ್ಧ ಕಾದಂಬರಿಯ ಕನ್ನಡ ರಂಗರೂಪವದು. ಶತಮಾನಗಳ ಹಿಂದೆ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯು ಆಫ್ರಿಕದ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ತನ್ನ ಮೈಗೆ ತಂದುಕೊಂಡಿತು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ರಂಗದ ಮಾನ್ಯತೆ ಅದಕ್ಕೂ ಮೊದಲೇ ದೊರೆತಿತ್ತು. ಅವರ ಡಮಾಮಿ ವಾದ್ಯದ ಲಯಕ್ಕೆ ಲಿಪಿಯ ಹಂಗಿಲ್ಲ. ಭಾಷೆ ತಿಳಿಯದಿದ್ದರೂ ಲಯದೊಳಗೆ ಸೇರಿಕೊಳ್ಳಬಹುದು, ಸೇರಿಕೊಂಡ ಮೇಲೆ ಭಾಷೆ ತಾನಾಗಿ ಹಿಂಬಾಲಿಸುತ್ತದೆ ಎಂಬುದು ಜನಪದರ ಅನುಭವ.

ಚಿತ್ರಕಲೆಯಲ್ಲಿಯೂ ಈ ತತ್ತ್ವ ಕಾಣುತ್ತದೆ. ಸಿದ್ದಾಪುರ-ಸಾಗರ ಭಾಗದ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಲ್ಲಿ ಎಳೆಗಳಿಗೂ ಆಕೃತಿಗಳಿಗೂ ಹೆಸರುಗಳಿವೆ. ಅಜ್ಜಿಯ ಬಳಿ ಕುಳಿತ ಮೊಮ್ಮಗಳು 'ಇದೇನು, ಅದೇನು' ಎಂದು ಕೇಳುತ್ತ ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ ಕಲಿಯುತ್ತಾಳೆ. ಆಧುನಿಕ ಶಾಲೆಯ ಚಿತ್ರಪಟವು ಮಾಡಬಯಸುವುದು ಇದನ್ನೇ. ವ್ಯತ್ಯಾಸವಿಷ್ಟೆ: ಪಟವು ಅಚ್ಚಾಗಿ ಬರುತ್ತದೆ, ಚಿತ್ತಾರವು ಮಗುವಿನ ಕಣ್ಣೆದುರು ಬೆಳೆಯುತ್ತದೆ.

ಶಾಲೆಯೊಳಗೆ ಬಂದ ಹಾಡು

ಪಾಠಪುಸ್ತಕದ ಬಾಯಿಪಾಠದಿಂದ ಮಾತು ಬಾರದೆಂಬ ಅರಿವು ಶಿಕ್ಷಣಶಾಸ್ತ್ರದಲ್ಲಿ ಮೂಡಿದ ಸಂದರ್ಭದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗವು 'ಬೆಂಗಳೂರು ಯೋಜನೆ'ಯೆಂದೇ ಜಗತ್ತಿನ ಭಾಷಾಬೋಧಕರಲ್ಲಿ ಹೆಸರಾಗಿದೆ. ವ್ಯಾಕರಣವನ್ನು ಮುಂದಿಡದೆ, ಮಕ್ಕಳು ಒಂದು ಕೆಲಸವನ್ನು ಬಿಡಿಸುವ ಭರದಲ್ಲಿ ಭಾಷೆಯನ್ನು ತಾವಾಗಿ ಹಿಡಿಯುವರೆಂಬುದು ಅದರ ತಿರುಳು. ಎದುರಾಳಿಯ ಸವಾಲಿಗೆ ಉತ್ತರ ಹೊಂದಿಸುವ ಭರದಲ್ಲಿ ಅರ್ಥಧಾರಿಗೆ ಮಾತು ಒದಗುವುದಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಗುರುತಿಸಬಹುದು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ'ಯು ಹಾಡು, ಕಥೆ, ಚಿತ್ರ, ಆಟಗಳನ್ನು ಸರ್ಕಾರಿ ಶಾಲೆಯ ತರಗತಿಯೊಳಕ್ಕೆ ಅಧಿಕೃತವಾಗಿ ತಂದಿತು. ಮುಂದೆ 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಇದರ ನಡುವೆ, 2007-08ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ ಜಾರಿಗೆ ಬಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ಯೋಜನೆ ಬಂದಾಗ ಕನ್ನಡದ ಭವಿಷ್ಯ ಕುರಿತ ಹಳೆಯ ವಾಗ್ವಾದ ಮರುಜೀವ ಪಡೆಯಿತು. ಭಾಷೆಯಾಗಿ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿಯೇ ಎಲ್ಲವನ್ನೂ ಕಲಿಯುವುದು ಬೇರೆ ಎಂಬ ವಿವೇಕ ಈ ವಾಗ್ವಾದದಲ್ಲಿ ಹಲವು ಬಾರಿ ಮಸುಕಾಗಿದೆ. ಹಾಡು-ಮಾತುಗಳ ಹಾದಿ ಮೊದಲನೆಯದನ್ನು ಗಟ್ಟಿಗೊಳಿಸಬಲ್ಲದಾದ್ದರಿಂದ ಎರಡನೆಯದರ ಒತ್ತಡವನ್ನು ಕಡಿಮೆ ಮಾಡಬಲ್ಲದು. ಮಗನು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬಲ್ಲನೆಂಬ ಧೈರ್ಯ ಬಂದ ತಾಯಿತಂದೆಗಳು ಊರಿನ ಕನ್ನಡ ಶಾಲೆಯನ್ನು ಬಿಡಿಸಬೇಕಾದ ಅಗತ್ಯವಿಲ್ಲ. ಕಾಡಿನ ನಡುವಿನ ಸಣ್ಣ ಶಾಲೆಗಳ ಅಳಿವು-ಉಳಿವು ಈ ಧೈರ್ಯವನ್ನು ಅವಲಂಬಿಸಿದೆ.

ಯಾರ ಹಾಡು?

ಆದರೆ ಶಾಲೆಯೊಳಗೆ ಬಂದ ಹಾಡು ಯಾರದು ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಕೇಳಲೇಬೇಕು. ಇಂಗ್ಲಿಷ್ ಶಿಶುಪ್ರಾಸಗಳು ಮೂಲತಃ ಇಂಗ್ಲೆಂಡಿನ ಜನಪದ. ಅವುಗಳಲ್ಲಿ ಆ ನಾಡಿನ ಹವೆ, ಹೊಲ, ಸೇತುವೆ, ಪ್ರಾಣಿಗಳಿವೆ. ಮಳೆಯನ್ನು ಇನ್ನೊಂದು ದಿನ ಬರಲೆಂದು ಓಡಿಸುವ ಪ್ರಾಸವನ್ನು ಭಾರತದ ಅಸಂಖ್ಯ ಶಾಲೆಗಳಲ್ಲಿ ಹಾಡಿಸಲಾಗುತ್ತದೆ. ಬಿಸಿಲು ಅಪರೂಪವಾದ ನಾಡಿಗೆ ಅದು ಸಹಜ. ಘಟ್ಟದ ಮೇಲಿನ ಬಯಲುಸೀಮೆಯಲ್ಲಾದರೋ ಮಳೆ ತಡವಾದಾಗ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗಿ ಮಳೆಯನ್ನು ಕರೆಯುವ ಸಂಪ್ರದಾಯವಿದೆ. ಅರಬೈಲಿನ ಅಡಿಕೆ, ಗದ್ದೆ, ಹೊಳೆಗಳು ಮುಂಗಾರನ್ನೇ ನಂಬಿವೆ. ಮಳೆಯನ್ನು ಕರೆಯುವವರ ಮಕ್ಕಳ ಬಾಯಲ್ಲಿ ಮಳೆಯನ್ನು ಓಡಿಸುವ ಹಾಡು ಶಬ್ದವನ್ನು ಕಲಿಸಬಹುದು, ಅನುಭವವನ್ನು ಮಾತ್ರ ಮುಟ್ಟಲಾರದು. ಅರ್ಥವಿಲ್ಲದ ಪದ್ಯ ತಾಳಮದ್ದಳೆಯಲ್ಲಿ ಹೇಗೆ ಅಪೂರ್ಣವೋ, ಮರುಮಾತಿಲ್ಲದ ಶಿಶುಗೀತ ತರಗತಿಯಲ್ಲಿ ಹಾಗೆ ಅಪೂರ್ಣ. ಹಾಡನ್ನು ಒಪ್ಪಿಸಿ ಕುಳಿತ ಮಗು ಇಂಗ್ಲಿಷ್ ಕಲಿತಿದೆಯೆಂದು ಭಾವಿಸುವುದು ಹಳೆಯ ಬಾಯಿಪಾಠಕ್ಕೆ ರಾಗ ಹಚ್ಚಿದಂತೆ.

ಸ್ಥಳೀಯ ಸಾಮಗ್ರಿಗೆ ಇಲ್ಲಿ ಕೊರತೆಯಿಲ್ಲ. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ ಮೊದಲಾದವರು ಈ ಜಿಲ್ಲೆಯ ಹಾಡು-ಕಥೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅಕ್ಷರದ ಬಲವಿಲ್ಲದೆ ಅಪಾರ ಸಂಖ್ಯೆಯ ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, 2025ರಲ್ಲಿ ಅವರು ಅಗಲಿದರು. ಅಂಥವರ ಸ್ಮರಣಶಕ್ತಿಯ ಗುಟ್ಟು ಲಯ, ಪುನರಾವರ್ತನೆ, ಸೊಲ್ಲು ಎತ್ತಿಕೊಳ್ಳುವ ಜತೆಗಾರರ ಮೇಳದಲ್ಲಿದೆ. ಒಗಟು ಹೇಳುವವರ ಪ್ರಶ್ನೋತ್ತರ, ಮದುವೆಯ ಹಾಡಿನಲ್ಲಿ ಬೀಗರ ಮಾತಿನ ಚಕಮಕಿ, ಮಕ್ಕಳ ಎಣಿಕೆಯ ಆಟ ಇವೆಲ್ಲ ಸಂಭಾಷಣೆಯ ಸಿದ್ಧ ಚೌಕಟ್ಟುಗಳು. ಅಧ್ಯಾಪಕರು ಈ ಚೌಕಟ್ಟಿನಲ್ಲಿ ಇಂಗ್ಲಿಷ್ ಶಬ್ದಗಳನ್ನು ಕೂರಿಸಿ, ಒಂದು ಗುಂಪು ಕೇಳುವಂತೆ ಇನ್ನೊಂದು ಗುಂಪು ಹೇಳುವಂತೆ ಮಾಡಿದರೆ ಪದ್ಯದ ಬೆನ್ನಿಗೆ ಅರ್ಥವೂ ಬರುತ್ತದೆ.

ಹಾಡಿನ ಹಾದಿಯಿಂದ ಎಲ್ಲವೂ ಸಿದ್ಧಿಸುವುದಿಲ್ಲ. ಓದು, ಬರಹ, ವ್ಯಾಕರಣಗಳಿಗೆ ಅವುಗಳದೇ ಆದ ಶಿಸ್ತು ಬೇಕು. ಪದ್ಯವನ್ನು ತಪ್ಪಿಲ್ಲದೆ ಕಲಿಯದವನು ಅರ್ಥಧಾರಿಯಾಗಲಾರನೆಂಬುದು ಯಕ್ಷಗಾನದ ಪಾಠವೂ ಹೌದು. ಆದರೆ ಆ ಶಿಸ್ತಿಗೆ ಮುನ್ನ ನಾಲಗೆಯ ಅಂಜಿಕೆ ಬಿಡಬೇಕು. ಸುಮಾರು ಒಂದೂವರೆ ಶತಮಾನದ ಹಿಂದೆ ಈ ಘಟ್ಟದ ಸೀಮೆಯಲ್ಲಿ ಆಜ್ಞೆಯ ಭಾಷೆಯಾಗಿ ನೆಲೆಯೂರಿದ ಇಂಗ್ಲಿಷ್, ಮರುಮಾತಾಡಬಲ್ಲ ಭಾಷೆಯಾಗಿ ಅರಬೈಲಿನ ಮಗುವಿನ ಬಾಯಿಗೆ ಬರಬೇಕಾದರೆ ಚೌಕಿಯನ್ನು ಹಾದು ಬರುವುದೇ ಉಚಿತವಾದ ದಾರಿ.