ಬಾರ್ನ್ಸ್ ವಾಲಿಸ್: ಒಬ್ಬ ವಿಮಾನಶಿಲ್ಪಿಯ ಮನೆ ಮತ್ತು ಕಾರ್ಯಾಗಾರ

ಶಾಸ್ತ್ರಜ್ಞರ ಮತ್ತು ಯಂತ್ರಶಿಲ್ಪಿಗಳ ಜೀವನಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿ ಬೆಳೆದು ಬಂದಿದೆ. ಕೃತಿಗಳ ವಿವರವೆಲ್ಲ ಮುಗಿದ ತರುವಾಯ, ಕೊನೆಯ ಪುಟದಲ್ಲಿ, ಆತ ಸದ್ಗೃಹಸ್ಥನಾಗಿದ್ದನೆಂದೂ ಹೆಂಡತಿ ಮಕ್ಕಳಲ್ಲಿ ಅನುರಕ್ತನಾಗಿದ್ದನೆಂದೂ ಎರಡು ವಾಕ್ಯ ಸೇರಿಸಿ ಕೈತೊಳೆದುಕೊಳ್ಳುವುದೇ ಆ ರೂಢಿ. ಇಂಗ್ಲೆಂಡಿನ ವಿಮಾನಶಿಲ್ಪಿ ಬಾರ್ನ್ಸ್ ವಾಲಿಸ್‌ನ ವಿಷಯದಲ್ಲಿ ಈ ಕ್ರಮ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಆತನ ಅತ್ಯಂತ ಪ್ರಸಿದ್ಧವಾದ ಕೃತಿಯ ಮೊದಲ ಪರೀಕ್ಷೆ ನಡೆದದ್ದು ಮನೆಯ ಅಂಗಳದಲ್ಲಿ, ಮಕ್ಕಳ ಗೋಲಿಗಳಿಂದ. ಅದರ ಫಲವಾಗಿ ಒಂದು ರಾತ್ರಿ ಸಾವಿರಕ್ಕೂ ಮಿಕ್ಕ ಜನ ನೀರುಪಾಲಾದರು. ಈ ಎರಡು ಸಂಗತಿಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ಬರೆಯುವ ಚರಿತ್ರಕಾರನು ಓದುಗನಿಗೆ ಅರ್ಧ ಮನುಷ್ಯನನ್ನು ಮಾತ್ರ ತೋರಿಸಿದಂತಾಗುತ್ತದೆ.

ವಾಲಿಸ್ ಹುಟ್ಟಿದ್ದು 1887ರ ಸೆಪ್ಟೆಂಬರ್ 26ರಂದು, ಡರ್ಬಿಷೈರ್ ಪ್ರಾಂತದ ರಿಪ್ಲಿ ಎಂಬಲ್ಲಿ. ತಂದೆ ವೈದ್ಯ, ಪೋಲಿಯೋ ರೋಗದಿಂದ ಅಂಗವಿಕಲನಾದವನು. ಹುಡುಗ ಓದಿದ್ದು ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ. ಹೆಸರು ಆಸ್ಪತ್ರೆಯದಾದರೂ ಅದು ಬಡಮಕ್ಕಳ ವಿದ್ಯಾಭ್ಯಾಸಕ್ಕಾಗಿ 1552ರಲ್ಲಿ ಸ್ಥಾಪಿತವಾದ ಧರ್ಮಸಂಸ್ಥೆ. ಮುಂದೆ ಅದರ ಪ್ರಸ್ತಾಪ ಮತ್ತೆ ಬರಲಿರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು. ಶಾಲೆ ಬಿಟ್ಟು ಲಂಡನ್ನಿನ ಒಂದು ಯಂತ್ರಶಾಲೆಯಲ್ಲಿಯೂ ಅನಂತರ ವೈಟ್ ದ್ವೀಪದ ಹಡಗು ಕಾರ್ಖಾನೆಯಲ್ಲಿಯೂ ಕೆಲಸ ಕಲಿತು, 1913ರಲ್ಲಿ ವಿಕರ್ಸ್ ಸಂಸ್ಥೆಯ ವಾಯುನೌಕಾ ವಿಭಾಗವನ್ನು ಸೇರಿದನು. ಪದವಿ ದೊರೆತದ್ದು ಬಹಳ ತಡವಾಗಿ, 1922ರಲ್ಲಿ, ಲಂಡನ್ ವಿಶ್ವವಿದ್ಯಾನಿಲಯದ ಬಾಹ್ಯ ವಿದ್ಯಾರ್ಥಿಯಾಗಿ.

ಅದೇ ವರ್ಷ ಆತನು ಮದುವೆಯ ಸಂಬಂಧದಿಂದ ಬಂಧುವಾಗಿದ್ದ ಮಾಲಿ ಬ್ಲಾಕ್ಸಮ್ ಎಂಬ ಕನ್ಯೆಯನ್ನು ಕಂಡನು. ಆತನಿಗೆ ಮೂವತ್ತನಾಲ್ಕು, ಆಕೆಗೆ ಹದಿನೇಳು. ವಯಸ್ಸಿನ ಈ ಅಂತರವನ್ನು ಕಂಡು ಆಕೆಯ ತಂದೆ ಪ್ರಣಯದ ಮಾತಿಗೆ ಆಸ್ಪದ ಕೊಡಲಿಲ್ಲ. ಆದರೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೆ ಪತ್ರಮುಖೇನ ಗಣಿತ ಹೇಳಿಕೊಡುವುದಕ್ಕೆ ಒಪ್ಪಿಗೆಯಿತ್ತನು. ಆಗ ಸ್ವಿಟ್ಜರ್ಲೆಂಡಿನಲ್ಲಿ ಉಪಾಧ್ಯಾಯನಾಗಿದ್ದ ವಾಲಿಸ್, ತ್ರಿಕೋಣಮಿತಿ, ಕಲನಗಣಿತಗಳ ಪಾಠಗಳನ್ನು ಪತ್ರಗಳಲ್ಲಿ ಬರೆದು ಕಳುಹಿಸಿದನು. ಪಾಠಗಳ ನಡುವೆ ಅನುರಾಗವೂ ಪ್ರವೇಶ ಮಾಡಿತೆಂದು ಹೇಳಬೇಕಾಗಿಲ್ಲ. 1925ರ ಏಪ್ರಿಲ್ 23ರಂದು ಅವರ ವಿವಾಹವಾಯಿತು. ಈ ಪತ್ರಗಳನ್ನು ಕೇವಲ ಸರಸವೆಂದು ನಾವು ತಳ್ಳಿಹಾಕಲಾರೆವು. ಏನೂ ತಿಳಿಯದ ಒಬ್ಬರಿಗೆ, ಕೈಗೆ ಸಿಕ್ಕುವ ವಸ್ತುವನ್ನೇ ನಿದರ್ಶನವಾಗಿಟ್ಟುಕೊಂಡು, ಮೊದಲಿನಿಂದ ವಿವರಿಸುತ್ತ ಹೋಗುವ ಅಭ್ಯಾಸ ಅಲ್ಲಿ ಕಾಣುತ್ತದೆ. ಮುಂದೆ ಸಂದೇಹಗ್ರಸ್ತರಾದ ಸೇನಾಧಿಕಾರಿಗಳ ಮುಂದೆ ಆತನಿಗೆ ನೆರವಾದದ್ದು ಇದೇ ಅಭ್ಯಾಸವೆಂದು ನಾವು ಭಾವಿಸುತ್ತೇವೆ.

ಆ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಸಾಮ್ರಾಜ್ಯದ ದೂರದ ಭಾಗಗಳನ್ನು ವಾಯುನೌಕೆಗಳ ಮೂಲಕ ಜೋಡಿಸುವ ಯೋಜನೆ ಹಾಕಿತ್ತು. ಆರ್-100 ಎಂಬ ನೌಕೆಯನ್ನು ವಿಕರ್ಸ್ ಸಂಸ್ಥೆಯ ಶಾಖೆಯೊಂದು ವಾಲಿಸ್‌ನ ವಿನ್ಯಾಸದಂತೆ ಯಾರ್ಕ್‌ಷೈರಿನ ಹೌಡನ್‌ನಲ್ಲಿ ಕಟ್ಟಿತು. ಆರ್-101 ಅನ್ನು ಸರ್ಕಾರವೇ ಕಟ್ಟಿಸಿತು. ಮೊದಲನೆಯದು 1930ರ ಬೇಸಗೆಯಲ್ಲಿ ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ಮರಳಿತು. ಎರಡನೆಯದು ಅಂದಿನ ಭಾರತದ ಕರಾಚಿಗೆಂದು ಹೊರಟು, ಅದೇ ವರ್ಷ ಅಕ್ಟೋಬರ್ 5ರಂದು ಫ್ರಾನ್ಸಿನ ಬೋವೆ ಪಟ್ಟಣದ ಬಳಿ ಬಿದ್ದು ಉರಿಯಿತು. ಒಳಗಿದ್ದ 54 ಮಂದಿಯಲ್ಲಿ 48 ಮಂದಿ ಮಡಿದರು. ಸರ್ಕಾರ ಯೋಜನೆಯನ್ನೇ ಕೈಬಿಟ್ಟು, ಯಾವ ದೋಷವನ್ನೂ ಮಾಡದ ಆರ್-100 ಅನ್ನು ಒಡೆದು ಗುಜರಿಗೆ ಮಾರಿತು.

ವಾಲಿಸ್ ಅಷ್ಟರಲ್ಲಿ ವೇಬ್ರಿಜ್‌ನಲ್ಲಿದ್ದ ವಿಕರ್ಸ್ ವಿಮಾನ ಕಾರ್ಖಾನೆಗೆ ಬಂದಿದ್ದನು. ವಾಯುನೌಕೆಯ ಅನುಭವದಿಂದಲೇ ಅಲ್ಲಿ ಜಿಯೋಡೆಟಿಕ್ ರಚನೆಯೆಂಬ ಹೊಸ ಕ್ರಮ ಹುಟ್ಟಿತು. ನಮ್ಮ ಬಿದಿರುಬುಟ್ಟಿಯ ಹೆಣಿಗೆಯನ್ನು ನೆನೆದರೆ ಇದರ ತತ್ತ್ವ ಹೊಳೆಯುತ್ತದೆ. ಓರೆಯಾಗಿ ಒಂದನ್ನೊಂದು ದಾಟುವ ಹಗುರವಾದ ಲೋಹದ ಪಟ್ಟಿಗಳು ವಿಮಾನದ ಒಡಲಾಗುತ್ತವೆ. ಒಂದೆರಡು ಪಟ್ಟಿ ತುಂಡಾದರೂ ಭಾರವು ಉಳಿದವುಗಳಿಗೆ ಹಂಚಿಹೋಗುತ್ತದೆ. 1936ರಲ್ಲಿ ಮೊದಲು ಹಾರಿದ ವೆಲಿಂಗ್ಟನ್ ಬಾಂಬರ್ ವಿಮಾನ ಈ ಕ್ರಮದಲ್ಲಿ ಕಟ್ಟಿದ್ದು. ಅಂಥವು 11,400ಕ್ಕೂ ಹೆಚ್ಚು ತಯಾರಾದವು. ಮೈಯೆಲ್ಲ ತೂತುಬಿದ್ದು ಎಲುಬುಗೂಡು ಕಾಣುತ್ತಿದ್ದರೂ ಎಷ್ಟೋ ವಿಮಾನಗಳು ಚಾಲಕರನ್ನು ಹೊತ್ತು ತಾಯ್ನಾಡಿಗೆ ಮರಳಿದವು. ಕೊಲ್ಲುವುದಕ್ಕೆ ಹೊರಟ ಯಂತ್ರವೊಂದು ತನ್ನೊಳಗಿನವರನ್ನು ಉಳಿಸುವ ಗುಣದಿಂದ ಖ್ಯಾತಿ ಪಡೆದದ್ದು ವಿಚಿತ್ರವೇ ಸರಿ.

1930ರಿಂದ ಸಂಸಾರ ನೆಲಸಿದ್ದು ಸರ್ರೆ ಪ್ರಾಂತದ ಎಫಿಂಗ್‌ಹ್ಯಾಮ್ ಗ್ರಾಮದಲ್ಲಿ. ದಂಪತಿಗಳಿಗೆ ನಾಲ್ವರು ಮಕ್ಕಳು. 1940ರ ವೈಮಾನಿಕ ದಾಳಿಯಲ್ಲಿ ಮಾಲಿಯ ಸೋದರಿಯೂ ಆಕೆಯ ಪತಿಯೂ ಹತರಾದಾಗ, ತಬ್ಬಲಿಗಳಾದ ಅವರ ಇಬ್ಬರು ಗಂಡುಮಕ್ಕಳನ್ನು ಈ ದಂಪತಿಗಳು ದತ್ತು ತೆಗೆದುಕೊಂಡರು. ಜರ್ಮನಿಯ ಶಕ್ತಿಮೂಲಗಳನ್ನು ಹೊಡೆಯುವ ಉಪಾಯವನ್ನು ವಾಲಿಸ್ ಚಿಂತಿಸುತ್ತಿದ್ದಾಗ ಆತನ ಊಟದ ಮೇಜಿನ ಸುತ್ತ ಆರು ಮಕ್ಕಳಿದ್ದರು; ಇಬ್ಬರು ಬಾಂಬಿನಿಂದಲೇ ಅನಾಥರಾದವರು. ಇದರಿಂದ ಸೇಡಿನ ಕಥೆಯನ್ನು ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. 1941ರ ಮಾರ್ಚಿಯಲ್ಲಿ ಆತ ಸಿದ್ಧಪಡಿಸಿದ ದೀರ್ಘ ಟಿಪ್ಪಣಿಯ ವಾದ ಬೇರೆ: ಕಲ್ಲಿದ್ದಲು, ಎಣ್ಣೆ, ನೀರು ಇವುಗಳ ನೆಲೆಗಳನ್ನು ನಾಶಮಾಡಿದರೆ ಶತ್ರುವಿನ ಯಂತ್ರೋದ್ಯಮವೇ ನಿಂತು ಯುದ್ಧ ಬೇಗ ಮುಗಿಯುತ್ತದೆಂಬುದು.

ರೂರ್ ಪ್ರದೇಶದ ಅಣೆಕಟ್ಟುಗಳಿಗೆ ಮೇಲಿನಿಂದ ಬಾಂಬು ಹಾಕಿ ಫಲವಿರಲಿಲ್ಲ. ಗೋಡೆಗೆ ಅಂಟಿಕೊಂಡಂತೆ ನೀರಿನಾಳದಲ್ಲಿ ಸಿಡಿದರೆ ಮಾತ್ರ ಸಣ್ಣ ಸಿಡಿಗುಂಡೂ ಸಾಕಾಗುತ್ತಿತ್ತು; ಟಾರ್ಪಿಡೋ ಬಿಡೋಣವೆಂದರೆ ಉಕ್ಕಿನ ಬಲೆಗಳ ತಡೆ. ಕೆರೆಯ ಮೇಲೆ ಹಂಚಿನ ಚೂರನ್ನೆಸೆದು ಕುಪ್ಪಳಿಸುವ ಹುಡುಗರನ್ನು ನಮ್ಮಲ್ಲಿ ಯಾರು ನೋಡಿಲ್ಲ? 1942ರ ವಸಂತದಲ್ಲಿ ವಾಲಿಸ್ ಅಂಗಳದಲ್ಲಿ ತೊಟ್ಟಿಯೊಂದಕ್ಕೆ ನೀರು ತುಂಬಿಸಿ, ಮಕ್ಕಳ ಗೋಲಿಗಳನ್ನು ಕವಣೆಯಿಂದ ಚಿಮ್ಮಿಸಿ, ಅವು ನೆಗೆಯುವ ಬಗೆಯನ್ನು ಪರೀಕ್ಷಿಸಿದನು. ಮಕ್ಕಳೂ ಸಹಾಯಕ್ಕೆ ನಿಂತರು. ಆಮೇಲೆ ಟೆಡಿಂಗ್ಟನ್ನಿನ ಸರ್ಕಾರಿ ಪ್ರಯೋಗಶಾಲೆಯ ಕೊಳಗಳಲ್ಲಿಯೂ ವೇಲ್ಸಿನ ಒಂದು ಹಳೆಯ ಸಣ್ಣ ಕಟ್ಟೆಯ ಮೇಲೆಯೂ ಪರೀಕ್ಷೆಗಳು ನಡೆದವು. ಕೊನೆಗೆ ರೂಪುಗೊಂಡದ್ದು ನಾಲ್ಕು ಟನ್ನಿಗೂ ಮಿಗಿಲಾದ ಉರುಳೆಯಾಕಾರದ ಬಾಂಬು. ನಿಮಿಷಕ್ಕೆ 500 ಸುತ್ತಿನಂತೆ ಹಿಮ್ಮುಖವಾಗಿ ತಿರುಗುತ್ತ, ಕೇವಲ 60 ಅಡಿ ಎತ್ತರದಿಂದ ಬಿದ್ದು, ಬಲೆಗಳನ್ನು ನೆಗೆದು ದಾಟಿ, ಗೋಡೆಯನ್ನು ತಾಕಿ, ಅದನ್ನು ಒತ್ತಿಕೊಂಡೇ ಮುಳುಗಿ 30 ಅಡಿ ಆಳದಲ್ಲಿ ಸಿಡಿಯುವಂತೆ ಅದನ್ನು ರಚಿಸಲಾಗಿತ್ತು.

1943ರ ಮೇ 16ರ ರಾತ್ರಿ ಗೈ ಗಿಬ್ಸನ್‌ನ ನಾಯಕತ್ವದಲ್ಲಿ 617ನೆಯ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್ ವಿಮಾನಗಳು 133 ಮಂದಿಯೊಡನೆ ಹೊರಟವು. ಮ್ಯೋನ ಮತ್ತು ಏಡರ್ ಅಣೆಕಟ್ಟುಗಳು ಒಡೆದವು. ಎಂಟು ವಿಮಾನಗಳು ಹಿಂತಿರುಗಲಿಲ್ಲ. 53 ಮಂದಿ ಸತ್ತರು, ಮೂವರು ಸೆರೆಯಾದರು. ಸ್ಕ್ಯಾಂಪ್ಟನ್ ವಿಮಾನನೆಲೆಯಲ್ಲಿ ಈ ಲೆಕ್ಕವನ್ನು ಕೇಳಿದ ವಾಲಿಸ್ ವಿಜಯೋತ್ಸವದ ನಡುವೆ ದುಃಖದಿಂದ ಕುಸಿದನೆಂಬುದು ಸುವಿದಿತ. ಆ ಹುಡುಗರ ಸಾವಿನ ಭಾರವನ್ನು ಆತ ಕೊನೆಯವರೆಗೂ ಹೊತ್ತನು.

ಅಣೆಕಟ್ಟಿನ ಕೆಳಗಿನ ಕಣಿವೆಗಳಲ್ಲಿ ಸತ್ತವರು 1,300ಕ್ಕೆ ಕಡಿಮೆಯಿಲ್ಲ. ಅವರಲ್ಲಿ ಬಹುಪಾಲು ಜನ ಜರ್ಮನರೂ ಅಲ್ಲ. ನೇಹೈಮ್ ಎಂಬಲ್ಲಿ, ಉಕ್ರೇನ್ ಮೊದಲಾದ ಕಡೆಗಳಿಂದ ಬಲಾತ್ಕಾರವಾಗಿ ದುಡಿಮೆಗೆ ತಂದ ನೂರಾರು ಹೆಂಗಸರು ಶಿಬಿರದೊಳಗೆ ಸಿಕ್ಕಿ ಮುಳುಗಿದರು. ಮ್ಯೋನ ಕಟ್ಟೆಯ ದುರಸ್ತಿಯಾದರೋ ಅದೇ ವರ್ಷದ ಶರತ್ಕಾಲಕ್ಕೆ ಮುಗಿದುಹೋಯಿತು. ಇಂಗ್ಲೆಂಡಿನಲ್ಲಿ 1955ರಲ್ಲಿ ತೆರೆಕಂಡ ಪ್ರಸಿದ್ಧ ಚಲನಚಿತ್ರ ಗೋಲಿಯಾಟವನ್ನು ತೋರಿಸುತ್ತದೆ; ನೇಹೈಮಿನ ಹೆಂಗಸರನ್ನು ತೋರಿಸುವುದಿಲ್ಲ.

1951ರಲ್ಲಿ ಸಂಶೋಧಕರ ಪಾರಿತೋಷಕ ಆಯೋಗವು ಯುದ್ಧಕಾಲದ ಸೇವೆಗಾಗಿ ವಾಲಿಸ್‌ಗೆ 10,000 ಪೌಂಡುಗಳನ್ನು ಕೊಟ್ಟಿತು. ಆತ ಅದನ್ನು ತನಗಿಟ್ಟುಕೊಳ್ಳದೆ, ಮಡಿದ ಅಥವಾ ಗಾಯಗೊಂಡ ವಾಯುಸೈನಿಕರ ಮಕ್ಕಳು ಕ್ರೈಸ್ಟ್ಸ್ ಹಾಸ್ಪಿಟಲಿನಲ್ಲಿ ಓದುವಂತೆ ನಿಧಿಯಾಗಿ ಇಟ್ಟನು. ಈ ದಾನದಲ್ಲಿ ನಮಗೆ ಕಾಣುವುದು ಎಫಿಂಗ್‌ಹ್ಯಾಮಿನ ಮನೆಯ ಧರ್ಮವೇ: ತಂದೆಯಿಲ್ಲದ ಮಕ್ಕಳಿಗೆ ಬಾಗಿಲು ತೆರೆದ ಮನೆಯ ವಿಸ್ತಾರವೇ ಆ ನಿಧಿ. ಅದರ ಎಲ್ಲೆಯೂ ಅಷ್ಟೇ ಸ್ಪಷ್ಟ. ತನ್ನ ಮನೆಯಿಂದ ತನ್ನ ದೇಶದ ವಾಯುಸೈನಿಕರ ಮನೆಗಳವರೆಗೆ ಹರಡಿದ ವಾತ್ಸಲ್ಯ ರೂರ್ ನದಿಯ ದಡದವರೆಗೆ ಹೋಗಲಿಲ್ಲ. ಯುದ್ಧಕಾಲದಲ್ಲಿ ಯಾರ ವಾತ್ಸಲ್ಯವೂ ಅಷ್ಟು ದೂರ ಹೋಗದೆಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಆತ ಸದ್ಗೃಹಸ್ಥನೆಂಬ ಮಾತನ್ನು ಮುಳುಗಿದವರ ಸಂಖ್ಯೆಯ ಮುಂದೆ ಪರಿಹಾರದಂತೆ ಒಡ್ಡುವುದನ್ನೂ, ಆ ಸಂಖ್ಯೆಯನ್ನು ತೋರಿಸಿ ಅವನ ಕಾರುಣ್ಯ ಸೋಗೆನ್ನುವುದನ್ನೂ ನಾವು ಒಪ್ಪಲಾರೆವು.

ಯುದ್ಧಾನಂತರ ವಾಲಿಸ್ ಹಾರುತ್ತಿರುವಾಗಲೇ ರೆಕ್ಕೆಯ ಕೋನವನ್ನು ಬದಲಿಸಬಲ್ಲ ವಿಮಾನಕ್ಕಾಗಿ ಬಹುಕಾಲ ಶ್ರಮಿಸಿದನು; ಸ್ವಾಲೋ ಎಂಬ ಆ ವಿನ್ಯಾಸಕ್ಕೆ ಸರ್ಕಾರ 1957ರಲ್ಲಿ ನೆರವನ್ನು ನಿಲ್ಲಿಸಿತು. 1968ರಲ್ಲಿ ಆತನಿಗೆ ಸರ್ ಪದವಿ ಬಂದಿತು. ಎಂಬತ್ತು ದಾಟಿದ ಮೇಲೂ ಕಾರ್ಯಾಲಯಕ್ಕೆ ಹೋಗುತ್ತಿದ್ದು, 1971ರಲ್ಲಿ ನಿವೃತ್ತನಾದನು. ಆತ ತೀರಿಕೊಂಡದ್ದು 1979ರ ಅಕ್ಟೋಬರ್ 30ರಂದು. ಮಾಲಿ ಆ ಬಳಿಕ ಏಳು ವರ್ಷ ಬದುಕಿದ್ದಳು. ಗಣಿತದ ಆ ಪತ್ರಗಳನ್ನು ಮಗಳು ಮೇರಿ ಸ್ಟೋಪ್ಸ್-ರೋ ಸಂಪಾದಿಸಿ 2005ರಲ್ಲಿ ಅಚ್ಚುಹಾಕಿಸಿದಳು.