ಪೆಟ್ಟಿಗೆಯೊಳಗಿನ ಪುಟ್ಟ ಸರ್ವರ್

ಸರ್ವರ್ ಎಂದರೆ ಎ.ಸಿ. ಕೋಣೆಯಲ್ಲಿ ಗುಂಯ್‌ಗುಡುವ ದೊಡ್ಡ ಯಂತ್ರ ಎಂದೇ ನಮ್ಮಲ್ಲಿ ಹಲವರ ಕಲ್ಪನೆ. ಆದರೆ ಕ್ಯಾಂಪಿನ ರೂಮಿನಲ್ಲಿ ಆರೇಳು ಜನ ಹಂಚಿಕೊಳ್ಳುವ ವೈಫೈ ರೂಟರ್‌ನೊಳಗೂ ಸಾಮಾನ್ಯವಾಗಿ ಒಂದು ವೆಬ್ ಸರ್ವರ್ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1 ಎಂದೋ, ರೂಟರ್‌ನ ಅಡಿಯಲ್ಲಿ ಅಚ್ಚಾದ ಬೇರೆ ಸಂಖ್ಯೆಯನ್ನೋ ಒತ್ತಿದಾಗ ತೆರೆಯುವ ಪುಟ ಬರುವುದು ಇಂಟರ್‌ನೆಟ್‌ನಿಂದಲ್ಲ, ಆ ಪೆಟ್ಟಿಗೆಯೊಳಗಿಂದಲೇ.

ಮೊದಲ ವೆಬ್ ಸರ್ವರ್ 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರ್‌ನಲ್ಲಿ ಓಡಿತು. ಯಾರೂ ಆಫ್ ಮಾಡದಿರಲಿ ಎಂದು ಅದಕ್ಕೊಂದು ಚೀಟಿ ಅಂಟಿಸಿದ್ದರು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಕಾಫಿಗೆಂದು ಬಂದು ಖಾಲಿ ಪಾತ್ರೆ ನೋಡಿ ಸಾಕಾಗಿ, ಅದರ ಮುಂದೆ ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ವೆಬ್‌ಗೂ ಬಂತು. ಆದರೆ ಅಲ್ಲಿ ಕ್ಯಾಮೆರಾಕ್ಕೆ ಪಕ್ಕದಲ್ಲೊಂದು ಕಂಪ್ಯೂಟರ್ ಬೇಕೇ ಬೇಕಿತ್ತು.

1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ಆ ಕಂಪ್ಯೂಟರನ್ನೇ ಬದಿಗಿಟ್ಟಿತು. ಅದರ ನೆಟ್‌ಐ 200 ಕ್ಯಾಮೆರಾದೊಳಗೇ ವೆಬ್ ಸರ್ವರ್ ಇತ್ತು. ನೆಟ್‌ವರ್ಕ್ ತಂತಿ ಸಿಕ್ಕಿಸಿದರೆ ಬ್ರೌಸರ್‌ನಲ್ಲೇ ಚಿತ್ರ ಕಾಣುತ್ತಿತ್ತು. ಇದರ ಲಾಭ ದೊಡ್ಡದು. ಅಲ್ಲಿಯವರೆಗೆ ಅನೇಕ ಉಪಕರಣಗಳಿಗೆ ಒಂದೊಂದು ಡಿಸ್ಕ್, ಒಂದೊಂದು ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ನಡೆದದ್ದು ಮ್ಯಾಕ್‌ನಲ್ಲಿ ನಡೆಯದು. ಸರ್ವರ್ ಒಳಗೇ ಕೂತ ಮೇಲೆ ಯಾವ ಕಂಪ್ಯೂಟರಾದರೂ ಆಯಿತು, ಬ್ರೌಸರ್ ಇದ್ದರೆ ಸಾಕು. ಪ್ರಿಂಟರ್, ರೂಟರ್, ಕಟ್ಟಡಗಳ ಎ.ಸಿ. ನಿಯಂತ್ರಕ, ಎಲ್ಲಕ್ಕೂ ಈ ಪದ್ಧತಿ ಹಬ್ಬಿತು.

ಅಡ್ಡಿಯಾಗಿದ್ದದ್ದು ಮೆಮೊರಿ. 2000ದ ದಶಕದ ಆರಂಭದಲ್ಲಿ ಸ್ವೀಡನ್ನಿನ ಆಡಮ್ ಡಂಕೆಲ್ಸ್ ಬರೆದ ಯುಐಪಿ, ಇಂಟರ್‌ನೆಟ್ ಭಾಷೆಯನ್ನು ಕೆಲವೇ ಕಿಲೋಬೈಟ್‌ಗಳಲ್ಲಿ ಅಡಗಿಸಿತು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಿತ್ತು. ಅಗ್ಗದ ಚಿಪ್ ಕೂಡ ವೆಬ್ ಪುಟ ಬಡಿಸತೊಡಗಿತು.

ಬಾಗಿಲುಗಳು ಹೆಚ್ಚಿದವು, ಬೀಗ ಮಾತ್ರ ಹಳೆಯದೇ ಉಳಿಯಿತು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್! 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಥ ಕಾರ್ಖಾನೆಯ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯತ್ನಿಸಿ, ಟೆಲ್‌ನೆಟ್ ಎಂಬ ಇನ್ನೊಂದು ಬಾಗಿಲಿನಿಂದ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಅಕ್ಟೋಬರ್ 21ರಂದು ಆ ಉಪಕರಣಗಳ ದಾಳಿಗೆ ಟ್ವಿಟರ್‌ನಂಥ ತಾಣಗಳೇ ಗಂಟೆಗಟ್ಟಲೆ ತತ್ತರಿಸಿದವು. ಮರುವರ್ಷ ಜುಲೈನಲ್ಲಿ ಕರ್ನಾಟಕದಲ್ಲೂ ಬಿಎಸ್‌ಎನ್‌ಎಲ್ ಮೋಡೆಮ್‌ಗಳು ಮಾಲ್‌ವೇರ್‌ಗೆ ಸಿಕ್ಕವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆಯೇ ಗ್ರಾಹಕರನ್ನು ಕೇಳಬೇಕಾಯಿತು. 2024ರ ಏಪ್ರಿಲ್ 29ರಿಂದ ಬ್ರಿಟನ್, ಎಲ್ಲ ಉಪಕರಣಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನಿನಿಂದಲೇ ನಿಷೇಧಿಸಿದೆ.

ಊರಲ್ಲಿರುವ ಅಪ್ಪ ಅಮ್ಮನ ಸುರಕ್ಷತೆಗೆಂದು ನಮ್ಮಲ್ಲಿ ಎಷ್ಟೋ ಮಂದಿ ಮನೆಯಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೇವೆ. ನಾವು ನೋಡುವ ಅಂಗಳವನ್ನು ಬೇರೆ ಯಾರೂ ನೋಡದಿರಬೇಕಾದರೆ, ಕ್ಯಾಮೆರಾ ಹಾಕಿದವರು ಬಿಟ್ಟುಹೋದ ಪಾಸ್‌ವರ್ಡ್ ಬದಲಿಸಬೇಕು, ಅಪ್‌ಡೇಟ್ ಬಂದಾಗ ಹಾಕಿಕೊಳ್ಳಬೇಕು. ಮುಂದಿನ ರಜೆಗೆ ಊರಿಗೆ ಹೋದಾಗ ಎಂದು ಕಾಯುವುದು ಬೇಡ. ಈ ಶುಕ್ರವಾರ ಮನೆಗೆ ಫೋನ್ ಮಾಡಿದಾಗಲೇ ಆ ಕೆಲಸ ಮುಗಿಸೋಣ.