ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬದಲಾವಣೆಗಳು

ಎಸ್ಸೆಸ್ಸೆಲ್ಸಿ ಎಂದರೆ ಕರ್ನಾಟಕದಲ್ಲಿ ಹತ್ತನೇ ತರಗತಿಯ ಕೊನೆಗೆ ನಡೆಯುವ ರಾಜ್ಯಮಟ್ಟದ ಪಬ್ಲಿಕ್ ಪರೀಕ್ಷೆ. ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದವಕ್ಕೆ ತಲಾ 100. ಇದರಲ್ಲಿ 125 ಶಾಲೆಯೇ ಕೊಡುವ ಆಂತರಿಕ ಅಂಕಗಳು.

ಅತಿ ದೊಡ್ಡ ಪಲ್ಲಟ ಕೋವಿಡ್ ಕಾಲದ್ದು. 2021ರ ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳನ್ನು ಒಟ್ಟಿಗೆ, 22ರಂದು ಮೂರೂ ಭಾಷೆಗಳನ್ನು ಮುಗಿಸಲಾಯಿತು. ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ ಪ್ರಶ್ನೆ. ಪುಟಗಟ್ಟಲೆ ಬರೆದು ರೂಢಿಯಿದ್ದ ಮಕ್ಕಳು ಓಎಂಆರ್ ಹಾಳೆಯ ವೃತ್ತಗಳಿಗೆ ಪೆನ್ನಿನಿಂದ ಕಪ್ಪು ತುಂಬಿದರು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರ ಮೊದಲೇ ಹೇಳಿದ್ದರಿಂದ ಅದನ್ನು ಪರೀಕ್ಷೆ ಎನ್ನುವುದೂ ಕಷ್ಟವೇ.

2022ರಲ್ಲಿ ಪ್ರೌಢಶಿಕ್ಷಣ ಮಂಡಳಿ ಹಾಗೂ ಪಿಯು ಪರೀಕ್ಷಾ ವ್ಯವಸ್ಥೆ ಒಂದಾಗಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಬಂತು. 2024ರಲ್ಲಿ ಪೂರಕ ಪರೀಕ್ಷೆಯ ಬದಲು ಪರೀಕ್ಷೆ–1, 2, 3 ಬಂದವು. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚಿನ ಅಂಕವೇ ಉಳಿಯುತ್ತದೆ. ಅದೇ ವರ್ಷ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಪಾಸಾದವರು ಶೇ. 73.40 ಮಾತ್ರ.